ಮುಂಬೈಯಲ್ಲಿ ಆರ್ಕಿಟೆಕ್ಟ್ ಆಗಿ ಶುರು ಮಾಡುವವರಿಗೆ

ಬಿ.ಆರ್ಕ್ ಮುಗಿಸಿ ಮುಂಬೈಗೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಆಫೀಸಿಗೆ ಸೇರಿದರೆ ಒಳ್ಳೆಯದು? ಕೈಯಲ್ಲಿ ಒಂದು ಪಟ್ಟಿಯೂ ಇರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಕಾಣುವ ಹೆಸರುಗಳೆಲ್ಲ ಅದರಲ್ಲಿ ಇರುತ್ತವೆ. ಆ ಪಟ್ಟಿ ನೋಡಿ ನಾನು ತಿರುಗಿ ಕೇಳುತ್ತೇನೆ. ಇಲ್ಲಿ ಎರಡು ಮೂರು ವರ್ಷ ಇದ್ದರೆ ಒಂದು ಕಟ್ಟಡವನ್ನಾದರೂ ಜಾಗದ ಕಾಗದದಿಂದ ಹಿಡಿದು ಜನ ಬಂದು ಹಾಲುಕ್ಕಿಸುವ ತನಕ ನೋಡಲು ಸಿಗುತ್ತದಾ? ಸಿಗುತ್ತದೆ ಅಂದರೆ ಸೇರಿ. ಕಟ್ಟಡ ಸಣ್ಣದಿರಲಿ, ಯಾವುದೋ ಗಲ್ಲಿಯಲ್ಲಿರಲಿ, ತೊಂದರೆ ಇಲ್ಲ.

ನಾನು ಚೆಂಬೂರಿನಲ್ಲಿ ಬೆಳೆದವಳು. ಅಪ್ಪ ಕುಂದಾಪುರದ ಕಡೆಯವರು, ಹೋಟೆಲ್ ಲೈನು. ಈಗ ಮಾಟುಂಗಾದಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಸೊಸೈಟಿ ರಿಡೆವಲಪ್‌ಮೆಂಟ್ (ಹಳೇ ವಸತಿ ಕಟ್ಟಡ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವುದು), ಹೋಟೆಲ್ಲು, ಆಗಾಗ ಒಂದು ಮನೆ, ಇಷ್ಟೇ ನಮ್ಮ ಕೆಲಸ. ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದರೆ ಇಂಟರ್ವಲ್‌ನಲ್ಲಿ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ, ‘ನಮ್ಮ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಮುಗಿಸಿದ, ಸ್ವಲ್ಪ ದಾರಿ ತೋರಿಸಿ.’ ಅವರಿಗೆ ಅರ್ಧಂಬರ್ಧ ಹೇಳಿ ಕಳಿಸಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ನೋಂದಣಿ

ಇದು ಸಣ್ಣ ವಿಷಯ, ಬೇಗ ಮುಗಿಸೋಣ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸದೆ ನೀವು ಆರ್ಕಿಟೆಕ್ಟ್ ಅಂತ ಕಾರ್ಡು ಹಂಚುವಂತಿಲ್ಲ. ಡಿಗ್ರಿ ಇದ್ದರೂ ಅಷ್ಟೇ. ಆದ್ದರಿಂದ ಸರ್ಟಿಫಿಕೇಟುಗಳನ್ನು ಊರಿನ ಕಪಾಟಿನಲ್ಲಿ ಬಿಟ್ಟು ಬರಬೇಡಿ. ಬಂದ ಹೊಸದರಲ್ಲೇ ಅರ್ಜಿ ಹಾಕಿ. ಕೆಲಸಕ್ಕೆ ಸೇರಿದ ಮೇಲೆ ‘ಮುಂದಿನ ತಿಂಗಳು ಮಾಡ್ತೀನಿ’ ಅನ್ನುತ್ತಲೇ ವರ್ಷ ಕಳೆಯುವವರು ಬಹಳ. ಸಿಎ ಅಂತ ಶುರುವಾಗುವ ಆ ನಂಬರು ಬಂದ ಮೇಲೆ ಅದನ್ನು ರಿನ್ಯೂ ಮಾಡಿಸುವುದನ್ನೂ ಮರೆಯಬೇಡಿ.

ಆಫೀಸು ಆರಿಸುವುದು

ಮುಂಬೈಯಲ್ಲಿ ಆರ್ಕಿಟೆಕ್ಟ್ ಆಫೀಸು ಅಂದರೆ ಒಂದೇ ತರಹ ಅಲ್ಲ. ಡಿಸೈನ್ ಸ್ಟುಡಿಯೊ ಇದೆ, ಲಿಯಾಸನಿಂಗ್ ಆಫೀಸು ಇದೆ, ಬರೀ ಇಂಟೀರಿಯರ್ ಮಾಡುವವರು ಇದ್ದಾರೆ, ಬಿಲ್ಡರ್‌ಗಳ ಸ್ವಂತ ಡಿಸೈನ್ ತಂಡಗಳಿವೆ, ನೂರಾರು ಜನ ಇರುವ ದೊಡ್ಡ ಕಂಪನಿಗಳೂ ಇವೆ. ಇಲ್ಲಿ ಒಂದೇ ಕಟ್ಟಡಕ್ಕೆ ಡಿಸೈನ್ ಮಾಡುವವರು ಒಬ್ಬರು, ಮಹಾನಗರಪಾಲಿಕೆಯಲ್ಲಿ ಪ್ಲಾನ್ ಪಾಸು ಮಾಡಿಸುವ ಲಿಯಾಸನ್ ಆರ್ಕಿಟೆಕ್ಟ್ ಇನ್ನೊಬ್ಬರು ಇರುವುದು ಮಾಮೂಲಿ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ. ಹೊಸಬರು ಲಿಯಾಸನಿಂಗ್ ಆಫೀಸು ಅಂದರೆ ಮೂಗು ಮುರಿಯುತ್ತಾರೆ, ಅಲ್ಲಿ ಬರೀ ಫೈಲು ಹೊರುವ ಕೆಲಸ ಅಂತ. ನನ್ನ ಅಭಿಪ್ರಾಯ ಬೇರೆ. ಶುರುವಿನಲ್ಲಿ ಒಂದು ವರ್ಷ ಅಲ್ಲಿ ಇದ್ದವರಿಗೆ ಈ ಊರಿನ ಕಟ್ಟಡ ಯಾಕೆ ಹೀಗೆ ಕಾಣುತ್ತದೆ ಅನ್ನುವುದು ತಿಳಿದಿರುತ್ತದೆ. ಬರೀ ತ್ರೀಡಿ ವ್ಯೂ ಮಾಡಿದವರಿಗೆ ಅದು ಗೊತ್ತಿರುವುದಿಲ್ಲ.

ದೊಡ್ಡ ಕಂಪನಿಯಲ್ಲಿ ಸಂಬಳ ಸರಿಯಾಗಿ ಬರುತ್ತದೆ, ಕೆಲಸದ ಶಿಸ್ತು ಕಲಿಯುತ್ತೀರಿ. ಆದರೆ ಒಂದು ಟವರಿನ ಟಾಯ್ಲೆಟ್ ಡ್ರಾಯಿಂಗನ್ನೇ ಎರಡು ವರ್ಷ ಮಾಡಿಸುವ ಸಾಧ್ಯತೆಯೂ ಇದೆ. ಹತ್ತು ಹದಿನೈದು ಜನರ ಆಫೀಸಿನಲ್ಲಿ ಬೆಳಿಗ್ಗೆ ಡ್ರಾಯಿಂಗ್ ಮಾಡಿ, ಮಧ್ಯಾಹ್ನ ಸೈಟಿಗೆ ಹೋಗಿ, ಸಂಜೆ ಕ್ಲೈಂಟಿನ ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂರಬಹುದು. ಆ ಮೂಲೆಯ ಕುರ್ಚಿಗೆ ಬೆಲೆ ಜಾಸ್ತಿ.

ಇಂಟರ್‌ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ. ಈಗ ಸೈಟಿನಲ್ಲಿ ಎಷ್ಟು ಕೆಲಸ ನಡೆಯುತ್ತಿದೆ? ಜೂನಿಯರ್‌ಗಳನ್ನು ಸೈಟಿಗೆ ಕಳಿಸುತ್ತೀರಾ, ಎಷ್ಟು ದಿನಕ್ಕೊಮ್ಮೆ? ನನಗಿಂತ ಮೊದಲು ಈ ಜಾಗದಲ್ಲಿದ್ದವರು ಯಾಕೆ ಬಿಟ್ಟರು? ಮೂರನೆಯದನ್ನು ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ. ಉತ್ತರ ಕೊಡುವಾಗ ಮುಖ ನೋಡಿದರೆ ಸಾಕು. ಆಮೇಲೆ ಕೆಳಗೆ ಟಪರಿಯಲ್ಲಿ ಚಹಾ ಕುಡಿಯುತ್ತಿರುವ ಅದೇ ಆಫೀಸಿನ ಹುಡುಗರನ್ನು ಮಾತಾಡಿಸಿ. ರಾತ್ರಿ ಎಷ್ಟು ಗಂಟೆಗೆ ಮನೆಗೆ ಹೋಗುತ್ತೀರಿ, ಸಂಬಳ ಯಾವ ತಾರೀಖಿಗೆ ಬರುತ್ತದೆ ಅಂತ ಅವರೇ ಹೇಳುತ್ತಾರೆ.

ಪೋರ್ಟ್‌ಫೋಲಿಯೊ ಬಗ್ಗೆ ಒಂದು ಮಾತು. ನನ್ನ ಮುಂದೆ ಬರುವ ಪಿಡಿಎಫ್‌ಗಳಲ್ಲಿ ಸೂರ್ಯಾಸ್ತದ ರೆಂಡರ್ ಇಲ್ಲದ್ದು ಒಂದೂ ಇಲ್ಲ. ನಾನು ಅದನ್ನು ದಾಟಿಸಿ ಹುಡುಕುವುದು ಒಂದು ಮೆಟ್ಟಿಲಿನ ಸೆಕ್ಷನ್, ಅಳತೆ ಬರೆದ ಒಂದು ಟಾಯ್ಲೆಟ್ ಪ್ಲಾನ್. ಮೆಟ್ಟಿಲು ತಿರುಗುವಲ್ಲಿ ತಲೆಗೆ ಬೀಮ್ ತಾಗುತ್ತದಾ, ಟಾಯ್ಲೆಟ್ ಬಾಗಿಲು ಕಮೋಡಿಗೆ ಬಡಿಯುತ್ತದಾ ಅಂತ ನೋಡಿದರೆ ಈ ಹುಡುಗಿ ತಾನು ಬರೆದ ಗೆರೆಯ ಬಗ್ಗೆ ಯೋಚಿಸಿದ್ದಾಳೋ ಇಲ್ಲವೋ ತಿಳಿಯುತ್ತದೆ. ಟ್ರೇನಿಂಗ್‌ನಲ್ಲಿ ಮಾಡಿದ ವರ್ಕಿಂಗ್ ಡ್ರಾಯಿಂಗ್ ಇದ್ದರೆ ಆ ಆಫೀಸಿನವರನ್ನು ಕೇಳಿ ಹಾಕಿ. ಅದರಲ್ಲಿ ನೀವು ಮಾಡಿದ್ದು ಯಾವುದು ಅಂತ ಪ್ರಾಮಾಣಿಕವಾಗಿ ಬರೆಯಿರಿ. ತಂಡದ ಕೆಲಸವನ್ನು ಸ್ವಂತದ್ದು ಅಂತ ತೋರಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ದುಡ್ಡಿನ ಮಾತು

ನಾಚಿಕೆ ಬಿಟ್ಟು ಮಾತಾಡಿ. ನಮ್ಮ ಕೆಲಸದಲ್ಲಿ ಶುರುವಿನ ಸಂಬಳ ಕಡಿಮೆ, ಮುಂಬೈಯಲ್ಲಿ ಬಾಡಿಗೆ ಜಾಸ್ತಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ ಆಮೇಲೆ ಹೂಂ ಅನ್ನಿ.

ಅದಕ್ಕಿಂತ ಮುಖ್ಯ, ಕೊಡುವ ಹಣ ಸಂಬಳವೋ ಪ್ರೊಫೆಷನಲ್ ಫೀಯೋ ಅಂತ ಕೇಳಿ. ಸಣ್ಣ ಆಫೀಸುಗಳಲ್ಲಿ ಜೂನಿಯರ್‌ಗಳನ್ನು ಕನ್ಸಲ್ಟಂಟ್ ಅಂತ ತೋರಿಸಿ ಫೀ ಲೆಕ್ಕದಲ್ಲಿ ಕೊಡುವ ಪದ್ಧತಿ ಇದೆ. ಹಾಗೆ ಕೊಟ್ಟರೆ 10% ಟಿಡಿಎಸ್ ಕಡಿತವಾಗುತ್ತದೆ, ಪಿಎಫ್ ಇರುವುದಿಲ್ಲ, ರಜೆಯ ಲೆಕ್ಕವೂ ಅವರ ಮರ್ಜಿ. ಇದನ್ನು ಒಪ್ಪಿಕೊಳ್ಳಲೇಬಾರದು ಅಂತಲ್ಲ. ಕೈಗೆ ಎಷ್ಟು ಬರುತ್ತದೆ ಅಂತ ತಿಳಿದು ಒಪ್ಪಿಕೊಳ್ಳಿ. ಕಡಿದ ಟಿಡಿಎಸ್ ನಿಮ್ಮ ಪ್ಯಾನ್ ನಂಬರಿಗೆ ಕಟ್ಟಿದ್ದಾರಾ ಅಂತ ಆನ್‌ಲೈನ್‌ನಲ್ಲಿ ನೋಡಿ, ವರ್ಷದ ಕೊನೆಗೆ ರಿಟರ್ನ್ ಹಾಕಿ. ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ದರೆ ಆ ಹಣ ವಾಪಸ್ ಬರುತ್ತದೆ. ಎಷ್ಟೋ ಹುಡುಗರು ರಿಟರ್ನ್ ಹಾಕದೆ ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಯಾವುದೇ ಲೆಕ್ಕದಲ್ಲಿ ಕೊಡಲಿ, ಒಂದು ಪುಟದ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಮೊತ್ತ, ತಾರೀಖು, ಶನಿವಾರ ರಜೆಯೋ ಅಲ್ಲವೋ, ಬಿಡಬೇಕಾದರೆ ಎಷ್ಟು ದಿನದ ನೋಟಿಸು ಅನ್ನುವುದು ಇರಲಿ.

ರೂಮು ಹುಡುಕುವಾಗ ಆಫೀಸು ಯಾವ ಲೈನಿನಲ್ಲಿದೆ ಅಂತ ಮೊದಲು ನೋಡಿ. ಅಂಧೇರಿಯಲ್ಲಿ ಆಫೀಸು, ಡೊಂಬಿವಲಿಯಲ್ಲಿ ರೂಮು ಅಂದರೆ ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತಬೇಕು, ದಿನಾ ಎರಡು ಸಲ. ನಕ್ಷೆಯಲ್ಲಿ ಹತ್ತಿರ ಕಾಣುವುದಕ್ಕೂ ಇಲ್ಲಿ ಹತ್ತಿರ ಇರುವುದಕ್ಕೂ ಸಂಬಂಧವೇ ಇಲ್ಲ.

ಕಾಗದ ಓದುವುದನ್ನು ಕಲಿಯಿರಿ

ಮೊದಲ ಆರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಯುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಆಟೊಕ್ಯಾಡ್ ಬರಲೇಬೇಕು, ರೆವಿಟ್ ಬಂದರೆ ದೊಡ್ಡ ಕಂಪನಿಯಲ್ಲಿ ಕೆಲಸ ಸುಲಭ. ಮುಗಿಯಿತು. ನಾನು ಹೇಳಬೇಕಿರುವುದು ಕಾಗದದ ಬಗ್ಗೆ.

ನಿಮ್ಮ ಆಫೀಸಿನಲ್ಲಿ ಮುಗಿದಿರುವ ಒಂದು ಸಣ್ಣ ಪ್ರಾಜೆಕ್ಟಿನ ಫೈಲು ಕೇಳಿ ತೆಗೆದುಕೊಳ್ಳಿ. ಶುರುವಿನಲ್ಲಿ ಪ್ರಾಪರ್ಟಿ ಕಾರ್ಡ್ ಇರುತ್ತದೆ, ಅದರಲ್ಲಿ ಸಿಟಿಎಸ್ ನಂಬರು (ಜಾಗದ ಸಿಟಿ ಸರ್ವೆ ನಂಬರು), ಜಾಗದ ವಿಸ್ತೀರ್ಣ, ಮಾಲೀಕರ ಹೆಸರು. ಅದರ ಹಿಂದೆ ಡಿಪಿ ರಿಮಾರ್ಕ್, ಅಂದರೆ ಊರಿನ ಡೆವಲಪ್‌ಮೆಂಟ್ ಪ್ಲಾನಿನಲ್ಲಿ ಈ ಜಾಗಕ್ಕೆ ಏನು ಗುರುತು ಹಾಕಿದ್ದಾರೆ, ಮುಂದಿನ ರಸ್ತೆ ಅಗಲವಾಗುವುದಿದೆಯಾ ಅನ್ನುವ ವಿವರ. ಈ ಎರಡೂ ಕಾಗದ ಓದಲು ಬಂದರೆ ನೀವು ಅರ್ಧ ಮುಂಬೈ ಆರ್ಕಿಟೆಕ್ಟ್.

ಆಮೇಲೆ ಡಿಸಿಪಿಆರ್ 2034. ಇದು ಮುಂಬೈಯಲ್ಲಿ ಎಲ್ಲಿ ಏನು ಎಷ್ಟು ಕಟ್ಟಬಹುದು ಅಂತ ಹೇಳುವ, 2018ರಲ್ಲಿ ಜಾರಿಗೆ ಬಂದ ನಿಯಮಗಳ ಪುಸ್ತಕ. ಮೊದಲ ಪುಟದಿಂದ ಓದಲು ಹೋದರೆ ನಿದ್ದೆ ಬರುತ್ತದೆ. ಪಾಸಾದ ಒಂದು ಪ್ಲಾನ್ ಪಕ್ಕದಲ್ಲಿಟ್ಟುಕೊಳ್ಳಿ. ಅದರ ಮೂಲೆಯ ಏರಿಯಾ ಸ್ಟೇಟ್‌ಮೆಂಟ್‌ನ ಒಂದೊಂದು ಸಾಲೂ ಪುಸ್ತಕದ ಯಾವ ನಿಯಮದಿಂದ ಬಂತು ಅಂತ ಹುಡುಕಿ. ಎಫ್‌ಎಸ್‌ಐ ಅಂದರೆ ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. ಮೂಲ ಎಫ್‌ಎಸ್‌ಐ ದ್ವೀಪ ನಗರದಲ್ಲಿ, ಅಂದರೆ ದಕ್ಷಿಣದ ಹಳೇ ಮುಂಬೈಯಲ್ಲಿ, 1.33, ಉಪನಗರದಲ್ಲಿ 1. ಅದರ ಮೇಲೆ ಪ್ರೀಮಿಯಂ ಕಟ್ಟಿ ಪಡೆಯುವುದು, ಟಿಡಿಆರ್, ಅಂದರೆ ಬೇರೆ ಜಾಗದಿಂದ ಬಂದ ಕಟ್ಟುವ ಹಕ್ಕು, ಕೊಂಡು ಹಾಕುವುದು. ಇವೆರಡು ಎಷ್ಟು ಸಿಗುತ್ತವೆ ಅನ್ನುವುದು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಕೊನೆಗೆ ವಾಸದ ಕಟ್ಟಡಕ್ಕೆ 35% ತನಕ ಫಂಜಿಬಲ್, ಅಂದರೆ ಇದೆಲ್ಲದರ ಮೇಲೆ ಸಿಗುವ ಹೆಚ್ಚುವರಿ ಏರಿಯಾ. ಒಂದು ಸಲ ಎಕ್ಸೆಲ್ ಇಲ್ಲದೆ ಕ್ಯಾಲ್ಕುಲೇಟರ್ ಹಿಡಿದು ಕೈಯಾರೆ ಲೆಕ್ಕ ಮಾಡಿ. ಸೀನಿಯರ್ ಕೊಟ್ಟ ಎಕ್ಸೆಲ್ ಶೀಟಿನಲ್ಲಿ ಅಂಕಿ ತುಂಬುವುದು ಯಾರಿಗೂ ಬರುತ್ತದೆ. ಮುನ್ನೂರು ಚದರ ಮೀಟರ್ ಎಲ್ಲಿಂದ ಬಂತು ಅಂತ ಸೊಸೈಟಿಯ ಸೆಕ್ರೆಟರಿ ಕೇಳಿದರೆ ಹೇಳುವುದಕ್ಕೆ ಬರಬೇಕು, ಅಲ್ವಾ?

ಇಲ್ಲಿ ಜನ ನಂಬರಿನಲ್ಲಿ ಮಾತಾಡುತ್ತಾರೆ. ಅದೇ ಪುಸ್ತಕದ ನಿಯಮ 33(7) ಅಂದರೆ ದ್ವೀಪ ನಗರದ ಹಳೆಯ ಸೆಸ್ ಕಟ್ಟಡಗಳು (ರಿಪೇರಿಗಾಗಿ ಸೆಸ್ ಕಟ್ಟುವಂಥವು), 33(5) ಅಂದರೆ ರಾಜ್ಯದ ವಸತಿ ಮಂಡಳಿ ಮ್ಹಾಡಾದ ಕಾಲೋನಿಗಳು, 33(10) ಅಂದರೆ ಝೋಪಡಪಟ್ಟಿ ಪುನರ್ವಸತಿ. ಮೀಟಿಂಗಿನಲ್ಲಿ ಕೂತು ಕಣ್ಣು ಬಿಡುವ ಬದಲು ಮೊದಲೇ ಇಂಥ ನಾಲ್ಕೈದು ನಂಬರು ಓದಿಕೊಂಡು ಹೋಗಿ. ಫೈಲಿನಲ್ಲಿ ಮುಂದೆ ಐಒಡಿ, ಅಂದರೆ ಪಾಲಿಕೆಯ ಮೊದಲ ಒಪ್ಪಿಗೆ ಪತ್ರ, ಬರುತ್ತದೆ, ಷರತ್ತುಗಳ ಉದ್ದ ಪಟ್ಟಿ ಸಮೇತ. ಷರತ್ತು ಪೂರೈಸಿದ ಮೇಲೆ ಕೆಲಸ ಶುರು ಮಾಡಲು ಸಿಸಿ, ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್. ಪ್ಲಿಂತ್ (ನೆಲಗಟ್ಟು) ತನಕ ಕಟ್ಟಿ, ಅದನ್ನು ಪರೀಕ್ಷೆ ಮಾಡಿಸಿ, ಮುಂದಿನ ಸಿಸಿ. ಎಲ್ಲ ಮುಗಿದ ಮೇಲೆ ಓಸಿ, ಅಂದರೆ ಜನ ವಾಸಕ್ಕೆ ಬರಬಹುದು ಅನ್ನುವ ಸರ್ಟಿಫಿಕೇಟ್. ರಿಡೆವಲಪ್‌ಮೆಂಟ್‌ನಲ್ಲಿ ಹಳೇ ಮನೆ ಬಿಟ್ಟು ಬಾಡಿಗೆ ಮನೆಯಲ್ಲಿರುವವರು ಕಾಯುವುದು ಈ ಓಸಿಗೆ. ಡ್ರಾಯಿಂಗಿನಲ್ಲಿ ನೀವು ಒಂದು ಅಳತೆ ತಪ್ಪು ಬರೆದು ಫೈಲು ವಾಪಸ್ ಬಂದರೆ ಯಾರದೋ ಅಜ್ಜಿ ಇನ್ನೊಂದು ದೀಪಾವಳಿ ಬಾಡಿಗೆ ಮನೆಯಲ್ಲಿ ಮಾಡುತ್ತಾರೆ.

ಪುಣೆಗೆ ಹೋದರೆ ಪುಸ್ತಕ ಬದಲಾಗುತ್ತದೆ, ಅಲ್ಲಿ 2020ರ ಯುಡಿಸಿಪಿಆರ್. ಓದುವ ಕ್ರಮ ಮಾತ್ರ ಇದೇ.

ಮಳೆ ಮತ್ತು ಸೈಟು

ಈಗ ನನಗೆ ಇಷ್ಟದ ಭಾಗ. ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ನಿಮ್ಮ ಡ್ರಾಯಿಂಗನ್ನು ತಿದ್ದುತ್ತದೆ. ಕಾಲೇಜಿನ ಜೂರಿಗಿಂತ ಕಟ್ಟುನಿಟ್ಟು. ಆದ್ದರಿಂದ ಸಾಧ್ಯವಾದರೆ ಮೊದಲ ಮಳೆಗಾಲದಲ್ಲಿ ನಿಮ್ಮ ಆಫೀಸು ಕಟ್ಟಿ ಮುಗಿಸಿದ ಕಟ್ಟಡಗಳಿಗೆ ಹೋಗಿ. ಹೊಸ ಸೈಟಿಗಿಂತ ಇದು ಮುಖ್ಯ. ಮೇಲಿನ ಮಹಡಿಯವರ ಬಾಗಿಲು ತಟ್ಟಿ, ಆರ್ಕಿಟೆಕ್ಟ್ ಆಫೀಸಿನಿಂದ ಬಂದಿದ್ದೇನೆ, ಎಲ್ಲಿ ಸೋರುತ್ತದೆ ಅಂತ ಕೇಳಿ. ಬೈಗುಳ ಸಿಗುತ್ತದೆ, ಚಹಾನೂ ಸಿಗುತ್ತದೆ.

ನೀರು ಬರುವುದು ಹೆಚ್ಚಾಗಿ ಕೆಲವೇ ಜಾಗಗಳಿಂದ. ಟೆರೇಸಿನ ನೆಲ ಪ್ಯಾರಪೆಟ್‌ಗೆ ಸೇರುವ ಮೂಲೆ. ಅಲ್ಲಿ ವಾಟಾ, ಅಂದರೆ ಮೂಲೆಯನ್ನು ದುಂಡಗೆ ಮಾಡುವ ಗಾರೆ, ಸರಿಯಾಗಿ ತಿರುಗಿಸದೆ ಇದ್ದರೆ ಮೊದಲ ವರ್ಷವೇ ಬಿರುಕು. ಕಿಟಕಿಯ ಸಿಲ್, ಅದಕ್ಕೆ ಹೊರಗೆ ಇಳಿಜಾರು ಕೊಡದೆ ಒಳಗೆ ಕೊಟ್ಟಿರುತ್ತಾರೆ. ಕಿಟಕಿಯ ಮೇಲೆ ಚಾಚಿದ ಛಜ್ಜಾದ ತಳದಲ್ಲಿ ಡ್ರಿಪ್ ಮೋಲ್ಡ್, ಅಂದರೆ ನೀರನ್ನು ಅಂಚಿನಲ್ಲೇ ಕೆಳಗೆ ಬೀಳಿಸುವ ಪಟ್ಟಿ, ಇಲ್ಲದಿದ್ದರೆ ನೀರು ತಳದ ಉದ್ದಕ್ಕೂ ಹರಿದು ಗೋಡೆ ಸೇರುತ್ತದೆ. ಬಾತ್‌ರೂಮಿನ ಸಂಕ್ ಸ್ಲ್ಯಾಬಿನಲ್ಲಿ (ಪೈಪಿಗಾಗಿ ತಗ್ಗಿಸಿದ ಸ್ಲ್ಯಾಬು) ಪೈಪು ಹೊರಬರುವ ತೂತು. ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆಯ ಪದರ) ಹಾಕಿದ ಮೇಲೆ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಮನೆಯ ಸೀಲಿಂಗ್ ನೋಡುವ ಪರೀಕ್ಷೆ ಇದೆ. ಅವಸರದ ಸೈಟಿನಲ್ಲಿ ಮೊದಲು ಬಿಟ್ಟುಬಿಡುವುದು ಅದನ್ನೇ. ಜೂನಿಯರ್ ಆಗಿ ನಿಮಗೆ ದೊಡ್ಡ ಅಧಿಕಾರ ಇರುವುದಿಲ್ಲ. ಆದರೆ ‘ನೀರು ನಿಲ್ಲಿಸಿ ಫೋಟೊ ಕಳಿಸಿ, ಆಮೇಲೆ ಟೈಲ್ ಹಾಕಿ’ ಅಂತ ಹೇಳುವಷ್ಟು ಇದ್ದೇ ಇರುತ್ತದೆ.

ಈ ಕಣ್ಣು ಬಂದ ಮೇಲೆ ಭಾನುವಾರ ತಿರುಗಾಡಿ. ಓವಲ್ ಮೈದಾನದ ಒಂದು ಬದಿ ವಿಕ್ಟೋರಿಯನ್ ಗಾಥಿಕ್, ಎದುರು ಬದಿ ಆರ್ಟ್ ಡೆಕೊ. ಎರಡೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. ಪ್ರವಾಸಿಗರು ಫೋಟೊ ತೆಗೆಯುತ್ತಾರೆ, ನೀವು ಆರ್ಟ್ ಡೆಕೊ ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಸುತ್ತಿಕೊಂಡ ಛಜ್ಜಾಗಳನ್ನು ನೋಡಿ. ಪೆಡರ್ ರೋಡಿನ ಹತ್ತಿರ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಅನ್ನುವ ವಸತಿ ಟವರ್ ಇದೆ, 1983ರದ್ದು. ಮುಂಬೈಯಲ್ಲಿ ಸಮುದ್ರ ಕಾಣುವ ದಿಕ್ಕು ಪಶ್ಚಿಮ, ಸಂಜೆ ಬಿಸಿಲೂ ಜೋರು ಮಳೆಯೂ ಬಡಿಯುವುದು ಅಲ್ಲಿಂದಲೇ. ಕೊರಿಯಾ ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ಆಳವಾದ ಜಗಲಿ ಕೊಟ್ಟು ಮನೆಯನ್ನು ಹಿಂದೆ ಸರಿಸಿದರು. ರಸ್ತೆಯಿಂದಲೇ ಕಾಣುತ್ತದೆ. ಅವರದೇ ಇನ್ನೊಂದು, ನವಿ ಮುಂಬೈಯ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್, ಸಣ್ಣ ಅಂಗಳಗಳ ಸುತ್ತ ಮನೆಗಳು. ಈಗ ಮಾಲೀಕರು ಒಡೆದು ಕಟ್ಟಿ ಬಹಳ ಬದಲಾಯಿಸಿದ್ದಾರೆ. ಅದಕ್ಕೇ ಹೋಗಿ ನೋಡಿ ಅನ್ನುತ್ತೇನೆ. ಜನ ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಕೆಡವಿದರು ಅಂತ ಗೋಡೆಯ ಮೇಲೇ ಬರೆದಿದೆ.

ಸೈಟಿನಲ್ಲಿ ಭಾಷೆ ಹಿಂದಿ, ಮರಾಠಿ. ಎರಡೂ ತಡವರಿಸುತ್ತಾ ಆದರೂ ಮಾತಾಡಿ. ನಮಗೆ ಇನ್ನೊಂದು ಅನುಕೂಲ ಇದೆ. ಮುಂಬೈ, ಪುಣೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಜನ ಬಹಳ. ‘ಯಾವೂರ್ರೀ ಕಾಕಾ?’ ಅಂತ ಕೇಳಿದರೆ ಸಾಕು, ಕೆಲಸಗಾರರ ಮೇಸ್ತ್ರಿ ಮುಕಾದಮ ಮುಚ್ಚಿಟ್ಟದ್ದೂ ನಿಮಗೆ ತಿಳಿಯುತ್ತದೆ. ಸಲಿಗೆ ಇರಲಿ, ಆದರೆ ಸೂಚನೆ ಮಾತ್ರ ಕೆಲಸಗಾರರಿಗೆ ನೇರವಾಗಿ ಕೊಡಬೇಡಿ. ಕಾಂಟ್ರಾಕ್ಟರಿಗೆ ಬರೆದು ಕೊಡಿ. ಬಾಯಿಮಾತಿನ ಸೂಚನೆ ಬಿಲ್ಲು ಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಬರೆಯುವ ವಿಷಯ ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಸೈಟಿನಿಂದ ಬಂದ ದಿನವೇ ಏನು ಮಾತಾಯಿತು, ಯಾರು ಏನು ಮಾಡಬೇಕು ಅಂತ ನಾಲ್ಕು ಸಾಲು ಮೇಲ್ ಮಾಡಿ. ಡ್ರಾಯಿಂಗ್ ಬದಲಾದಾಗಲೆಲ್ಲ ರಿವಿಷನ್ ನಂಬರು ಹಾಕಿ, ಬದಲಾದ ಜಾಗದ ಸುತ್ತ ಮೋಡದ ಆಕಾರದ ಗೆರೆ ಹಾಕಿ. ‘ಫೈನಲ್’, ‘ಫೈನಲ್ ಫೈನಲ್’, ‘ಫೈನಲ್ ನ್ಯೂ’ ಅಂತ ಫೈಲಿಗೆ ಹೆಸರಿಡುವವರನ್ನು ನಾನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ತಮಾಷೆಯಲ್ಲ.

ಸ್ವಂತ ಕೆಲಸ

ಎರಡನೇ ವರ್ಷಕ್ಕೆ ಯಾರಾದರೂ ಮಾವ, ಚಿಕ್ಕಪ್ಪ ಕೆಲಸ ಹಿಡಿದುಕೊಂಡು ಬರುತ್ತಾರೆ. ಇರುವ ಆಫೀಸಿಗೆ ಹೇಳಿ, ಅವರು ಬೇಡ ಅಂದರೆ ಬಿಡಿ. ಕದ್ದು ಮಾಡಿದರೆ ಮುಂಬೈಯಲ್ಲಿ ಮುಚ್ಚಿಡಲು ಆಗುವುದಿಲ್ಲ, ಟೈಲ್ಸ್ ಅಂಗಡಿಯವನೇ ಹೇಳಿಬಿಡುತ್ತಾನೆ. ಇನ್ನೊಬ್ಬ ಆರ್ಕಿಟೆಕ್ಟ್ ಈಗಾಗಲೇ ಮಾಡುತ್ತಿರುವ ಕೆಲಸವಾದರೆ ಅವರಿಗೆ ತಿಳಿಸದೆ ಕೈ ಹಾಕಬೇಡಿ, ಕೌನ್ಸಿಲ್‌ನ 1989ರ ನಡತೆಯ ನಿಯಮಗಳಲ್ಲೇ ಅದು ಇದೆ. ಮತ್ತೆ ಒಂದು, ಬೇರೆಯವರು ಮಾಡಿದ ಪ್ಲಾನಿಗೆ ‘ಒಂದು ಸಹಿ ಹಾಕಿ ಕೊಡಿ’ ಅಂತ ಬರುತ್ತಾರೆ. ದುಡ್ಡೂ ಕೊಡುತ್ತಾರೆ. ಬಾಗಿಲಿನಿಂದಲೇ ಕಳಿಸಿಬಿಡಿ.

ನಮ್ಮವರಲ್ಲಿ ಮೊದಲ ಕ್ಲೈಂಟ್ ಹೆಚ್ಚಾಗಿ ಹೋಟೆಲಿನವರು. ಶೆಟ್ರು ಹೊಸ ಲುಕ್ ಬೇಕು ಅನ್ನುತ್ತಾರೆ, ನೀವು ಎದುರಿನ ಗೋಡೆಯ ಬಣ್ಣದಿಂದ ಶುರು ಮಾಡಬೇಡಿ. ಅಡುಗೆಮನೆಯಿಂದ ಮಾಡಿ. ಎಕ್ಸಾಸ್ಟ್ ಡಕ್ಟ್ ಎಲ್ಲಿಂದ ಮೇಲೆ ಹೋಗುತ್ತದೆ? ಮೇಲೆ ಮನೆಗಳಿದ್ದರೆ ಸೊಸೈಟಿಯ ಒಪ್ಪಿಗೆ ಕಾಗದದಲ್ಲಿ ಇದೆಯಾ? ಗ್ರೈಂಡರ್ ಇಡುವ ಜಾಗದ ಕೆಳಗೆ ಏನಿದೆ? ಪಾತ್ರೆ ತೊಳೆಯುವ ಮೋರಿಯ ನೀರು ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿ ಬಾಯಿ) ಕಡೆಗೇ ಇಳಿಯುತ್ತದಾ, ಗ್ರೀಸ್ ಟ್ರ್ಯಾಪ್ ತೆಗೆದು ತೊಳೆಯಲು ಕೈ ಹೋಗುತ್ತದಾ? ಸಪ್ಲೈಯರ್ ಹುಡುಗ ತಟ್ಟೆ ಹಿಡಿದು ಬರುವ ದಾರಿ, ಎಂಜಲು ತಟ್ಟೆ ವಾಪಸ್ ಹೋಗುವ ದಾರಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವಾ? ಒಂದು ದಿನ ಬೆಳಿಗ್ಗೆ ತಿಂಡಿಯ ಗಲಾಟೆಯಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರೆ ಇವೆಲ್ಲ ಗೊತ್ತಾಗುತ್ತದೆ.

ಹೋಟೆಲು ಮುಚ್ಚಿದ ಪ್ರತಿ ದಿನಕ್ಕೂ ನಷ್ಟ. ಹಾಗಾಗಿ ಮುಚ್ಚುವ ಮೊದಲು ಎಲ್ಲ ಸಾಮಾನು ಬಂದು ಬಿದ್ದಿರಬೇಕು, ಡ್ರಾಯಿಂಗ್ ಮುಗಿದಿರಬೇಕು. ಫೀ ಎಷ್ಟು, ಎಷ್ಟು ಕಂತು, ಎಷ್ಟು ಸಲ ಡಿಸೈನ್ ಬದಲಾಯಿಸಿ ಕೊಡುತ್ತೀರಿ ಅಂತ ಒಂದು ಪುಟದಲ್ಲಿ ಬರೆದು ಸಹಿ ಮಾಡಿಸಿ. ಸಂಬಂಧಿಕರಾದರೆ ಇನ್ನೂ ಮುಖ್ಯ. ಟೈಲ್ಸ್, ಪ್ಲೈವುಡ್ ಅಂಗಡಿಯವರು ಪರ್ಸೆಂಟೇಜ್ ಕೊಡಲು ಬರುತ್ತಾರೆ. ಅದನ್ನು ಶೆಟ್ರ ಬಿಲ್ಲಿನಲ್ಲೇ ಕಡಿಮೆ ಮಾಡಿ ಅನ್ನಿ. ಮೊದಲ ಕಂತು ಅಳತೆ ತೆಗೆಯುವ ಮೊದಲೇ ಬರಲಿ. ಕೊನೆಯದು ಉದ್ಘಾಟನೆಯ ಹಿಂದಿನ ದಿನ ಅಂತ ಬರೆಯಿರಿ. ಉದ್ಘಾಟನೆ ಆದ ಮೇಲೆ ನೀವು ಹೋದಾಗಲೆಲ್ಲ ಮಸಾಲೆ ದೋಸೆ, ಕಾಫಿ ಬಿಟ್ಟಿ ಸಿಗುತ್ತದೆ, ಚೆಕ್ ಬುಕ್ ಮಾತ್ರ ಊರಿಗೆ ಹೋಗಿರುತ್ತದೆ.